ಕೊನೆಯ ಎರಡಡಿ ದಾರ

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಆರೂವರೆಗೇ ಚಿಕ್ಕಪ್ಪ ನನ್ನನ್ನು ಎಬ್ಬಿಸಿದರು. ಆಲೂರು ಕಡೆಯ ನಮ್ಮೂರಲ್ಲಿ ಅದು ಕಾಫಿ ಹೂವಿಗೆ ನೀರು ಕೊಡೋ ಕಾಲ. ಕೆರೆ ದಂಡೆಯಲ್ಲಿ ಪಂಪ್ ಇಟ್ಟು, ಪೈಪ್ ಎಳೆದು, ಹಗಲು ರಾತ್ರಿ ಸ್ಪ್ರಿಂಕ್ಲರ್ ಓಡಿಸ್ತಾರೆ. ಪಂಪ್ ಕೈಕೊಟ್ಟಿರಬೇಕು ಅಂದ್ಕೊಂಡು ಕಣ್ಣುಜ್ಜಿಕೊಂಡೇ ಹಿಂದೆ ಹೋದೆ.

ಪಂಪ್ ಚೆನ್ನಾಗೇ ಓಡ್ತಿತ್ತು. ಚಿಕ್ಕಪ್ಪ ತೋರಿಸಿದ್ದು ಕೆರೆ ಮೇಲೆ ಬಾಗಿರೋ ಅತ್ತಿ ಮರದ ಕೊಂಬೆಯನ್ನ. ಅಲ್ಲಿ ಒಂದು ಮಿಂಚುಳ್ಳಿ ತಲೆಕೆಳಗಾಗಿ ನೇತಾಡ್ತಿತ್ತು. ಆಗಾಗ ರೆಕ್ಕೆ ಬಡಿಯೋದು, ಸುಸ್ತಾಗಿ ನಿಲ್ಲಿಸೋದು. ಅದು ಯಾವುದಕ್ಕೆ ಸಿಕ್ಕಿಕೊಂಡಿದೆ ಅಂತ ಮೊದಲು ಕಾಣಲೇ ಇಲ್ಲ. ಹತ್ತಿರ ಹೋದಾಗ ಎಳೆಬಿಸಿಲಿಗೆ ಒಂದು ಎಳೆ ಮಿಂಚಿತು. ಕಾಲಿಗೂ ರೆಕ್ಕೆಗೂ ಸುತ್ತಿಕೊಂಡಿದ್ದ ಆ ಎಳೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಗರಿ ಕಟ್ಟಿದ ಕೊಕ್ಕೆ.

"ಲೋ ಮಗ, ಇದು ನಿಂದೇ ಅಲ್ವೇನೋ?" ಅಂದರು ಚಿಕ್ಕಪ್ಪ.

ನಂದೇ. ಆ ಗರಿಯನ್ನ ಕಟ್ಟಿದ್ದೇ ನಾನು. ಸಂಕ್ರಾಂತಿಗೆ ಬಂದಾಗ ಅದೇ ಕೊಂಬೆಗೆ ಸಿಕ್ಕಿ, ಜಗ್ಗಿ, ಹರಿದು ಹೋಗಿದ್ದ ದಾರ. ಮೂರಡಿ ದಾರ ತಾನೇ, ಹೋಗಲಿ ಅಂತ ಬಿಟ್ಟು ಬಂದಿದ್ದೆ.

ಇವತ್ತಿನ ಅಂಕಣ ಆ ಮೂರಡಿ ದಾರದ ಬಗ್ಗೆ. ಫ್ಲೈ ಫಿಶಿಂಗ್ ಶುರು ಮಾಡೋರು ರಾಡ್‌ಗೆ ಸಾವಿರಗಟ್ಟಲೆ ಖರ್ಚು ಮಾಡಿ, ತುದಿಯ ದಾರವನ್ನ ಮಾತ್ರ ಕೈಗೆ ಸಿಕ್ಕಿದ್ದು ತಗೋತೀವಿ. ನಾನೂ ಹಾಗೇ ಮಾಡಿದ್ದೆ. ಎರಡು ಸಲ ತಪ್ಪು ಮಾಡಿದೆ. ಒಂದು ಸಲ ತೀರಾ ತೆಳು ದಾರ ತಗೊಂಡು, ಇನ್ನೊಂದು ಸಲ ಗಟ್ಟಿ ದಾರ ತಗೊಂಡು ಗಂಟನ್ನ ಕೆಟ್ಟದಾಗಿ ಹಾಕಿ.

ಇಲ್ಲಿ ಟ್ರೌಟ್ ಇಲ್ಲವಲ್ಲ?

ಇಲ್ಲ. ಸಕಲೇಶಪುರದ ಹಳ್ಳಗಳನ್ನ ನೋಡಿದರೆ ಇರಬೇಕಿತ್ತು ಅನ್ಸುತ್ತೆ. ಕಲ್ಲಿನ ಮೇಲೆ ಹರಿಯೋ ತಿಳಿನೀರು, ನೆರಳು, ಬೆಳಗಿನ ಮಂಜು ಎಲ್ಲಾ ಇದೆ. ಆದರೆ ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಡಿಮೆ. ಸಕಲೇಶಪುರ ಇರೋದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ. ನಮಗೆ ಚಳಿ, ಟ್ರೌಟ್‌ಗೆ ಸೆಕೆ.

ದಕ್ಷಿಣದಲ್ಲಿ ಅದು ನೆಲೆಯಾಗಿರೋದು ನೀಲಗಿರಿ ಮತ್ತು ಮುನ್ನಾರ್‌ನ ಎತ್ತರದ ಹೊಳೆಗಳಲ್ಲಿ. ಅದೂ ಬ್ರಿಟಿಷರು ತಂದು ಬಿಟ್ಟ ಮೀನು. 1863ರಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ತರಲು ನೋಡಿ ಸೋತರು. 20ನೇ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಕಾಲಕ್ಕೆ ಅದು ಕೈಗೂಡಿತು. ಊಟಿ ಹತ್ತಿರದ ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡಿಸುವ ಕೇಂದ್ರವೂ ಆಯಿತು.

ನಮ್ಮ ಕಡೆ ಬ್ರಿಟಿಷರ ಕಣ್ಣಿದ್ದದ್ದು ಮಹಶೀರ್ ಮೇಲೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಲ್ಲೇ ಅಚ್ಚಾಯಿತು. ಘಟ್ಟದ ಕೆಳಗಿನ ಹೊಳೆಗಳನ್ನ ನೋಡಿದ್ದ ಮನುಷ್ಯ.

ಹಾಗಾದರೆ ನಮಗೆ ಇಲ್ಲಿ ಏನು ಕೆಲಸ? ಅಭ್ಯಾಸ. ನಮ್ಮ ಕೆರೆಯಲ್ಲಿ ಜಿಲೇಬಿ ಮೀನು ತುಂಬಿದೆ. ಅದೇ ಟಿಲಾಪಿಯ, ಆಫ್ರಿಕಾದಿಂದ ಬಂದದ್ದು. ಜೊತೆಗೆ ಒಂದಷ್ಟು ಗೆಂಡೆ. ಹಳ್ಳಗಳಲ್ಲಿ ಬೆರಳುದ್ದದ ಬ್ಯಾರಿಲ್ ಮೀನುಗಳಿವೆ, ಮೈಮೇಲೆ ಅಡ್ಡಪಟ್ಟೆ ಇರೋವು. ನೀರ ಮೇಲೆ ಬಿದ್ದ ಹುಳಕ್ಕೆ ಥೇಟ್ ಟ್ರೌಟ್ ತರಾನೇ ನೆಗೆಯುತ್ತವೆ. ಕೊಕ್ಕೆ ಬಲಿತ ಕೈ ಇಲ್ಲಿ ಪಳಗಿಸಿಕೊಂಡು, ರಜೆ ಸಿಕ್ಕಾಗ ನೀಲಗಿರಿಗೋ ಹಿಮಾಚಲಕ್ಕೋ ಹೋಗಬಹುದು.

ಲೀಡರ್ ಅಂದ್ರೇನು, ಟಿಪೆಟ್ ಅಂದ್ರೇನು

ಊರಿನ ಗಾಳ ಗೊತ್ತಲ್ಲ? ಬಿದಿರು ಕೋಲು, ತಂಗೂಸಿ ದಾರ, ಕೊಕ್ಕೆ, ಎರೆಹುಳ, ಜೊತೆಗೆ ಒಂದು ಚೂರು ಸೀಸ. ಆ ಸೀಸದ ತೂಕವೇ ದಾರವನ್ನ ಎಳ್ಕೊಂಡು ಹೋಗುತ್ತೆ.

ಫ್ಲೈ ಫಿಶಿಂಗ್‌ನಲ್ಲಿ ಸೀಸ ಇಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿರ್ತೀವಿ, ಅದೇ ಫ್ಲೈ. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ತೂಕ ದಾರದಲ್ಲೇ ಇರಬೇಕು. ಮುಖ್ಯ ದಾರ, ಅಂದರೆ ಫ್ಲೈ ಲೈನ್, ಪ್ಲಾಸ್ಟಿಕ್ ಲೇಪ ಇರೋ ದಪ್ಪ ಹುರಿ. ಬೀಸೋದು ಅದನ್ನೇ, ಚಾಟಿ ಬೀಸಿದ ಹಾಗೆ.

ಆದರೆ ಆ ದಪ್ಪ ಹುರಿಗೇ ಕೊಕ್ಕೆ ಕಟ್ಟಿದರೆ ಅದು ನೀರಿಗೆ ದಪ್ ಅಂತ ಬೀಳುತ್ತೆ, ಮೀನು ಓಡುತ್ತೆ. ಅದಕ್ಕೇ ಮಧ್ಯೆ ಲೀಡರ್. ಇದು ಪಾರದರ್ಶಕ ದಾರ. ಒಂದು ತುದಿ ದಪ್ಪ, ಇನ್ನೊಂದು ತುದಿಗೆ ಹೋಗ್ತಾ ಹೋಗ್ತಾ ತೆಳು. ಸಾಮಾನ್ಯವಾಗಿ 7.5, 9 ಇಲ್ಲವೇ 12 ಅಡಿ ಉದ್ದ. ಚಾಟಿಯನ್ನ ನೆನೆಸ್ಕೊಳ್ಳಿ. ಹಿಡಿಯ ಹತ್ತಿರ ದಪ್ಪ, ತುದಿಗೆ ಸಣ್ಣ. ಕೈಯ ಬಲ ಕ್ರಮೇಣ ಇಳಿದು, ಕೊನೆಗೆ ಫ್ಲೈ ನೀರ ಮೇಲೆ ಹೂವಿನ ಹಾಗೆ ಕೂರುತ್ತೆ.

ಲೀಡರಿನ ತುದಿಗೆ ಕಟ್ಟೋ, ಉದ್ದಕ್ಕೂ ಒಂದೇ ದಪ್ಪ ಇರೋ ಎರಡು ಅಡಿ, ಹೆಚ್ಚೆಂದರೆ ಮೂರು ಅಡಿ ದಾರ ಟಿಪೆಟ್. ಫ್ಲೈ ಕಟ್ಟೋದು ಇದಕ್ಕೆ. ಫ್ಲೈ ಬದಲಿಸಿದಾಗೆಲ್ಲ ಒಂದೆರಡು ಇಂಚು ಕತ್ತರಿಸಿ ಹೋಗುತ್ತೆ. ಟಿಪೆಟ್ ಇಲ್ಲದಿದ್ದರೆ ದುಬಾರಿ ಲೀಡರೇ ಮೋಟಾಗ್ತಾ ಬರುತ್ತೆ. ಸವೆಯೋಕೆ ಅಂತಲೇ ಇರೋ ಭಾಗ ಇದು.

ಉಲ್ಟಾ ಲೆಕ್ಕದ ಎಕ್ಸ್

ಟಿಪೆಟ್ ಸ್ಪೂಲ್ ಮೇಲೆ 3 ಎಕ್ಸ್, 4 ಎಕ್ಸ್, 5 ಎಕ್ಸ್ ಅಂತ ಬರೆದಿರುತ್ತೆ. ಸಂಖ್ಯೆ ಹೆಚ್ಚಾದಷ್ಟೂ ದಾರ ತೆಳು. ಯಾರೋ ಹಳೇ ಕೋಡ್‌ನಲ್ಲಿ ಉಲ್ಟಾ ಇಂಡೆಕ್ಸ್ ಇಟ್ಟು ರಾಜೀನಾಮೆ ಕೊಟ್ಟು ಹೋದಂತಿದೆ ಅನ್ನಿಸಿತ್ತು ನನಗೆ. ಆದರೆ ಲೆಕ್ಕ ಸುಲಭ. 11ರಿಂದ ಎಕ್ಸ್ ಸಂಖ್ಯೆ ಕಳೆಯಿರಿ. ಉಳಿದದ್ದು ಇಂಚಿನ ಸಾವಿರದಲ್ಲಿ ದಪ್ಪ. 5 ಎಕ್ಸ್ ಅಂದರೆ 11ರಲ್ಲಿ 5 ಹೋಗಿ 6. ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. 4 ಎಕ್ಸ್ 0.18 ಮಿಮೀ, 3 ಎಕ್ಸ್ 0.20 ಮಿಮೀ, 7 ಎಕ್ಸ್ ಬರೀ 0.10 ಮಿಮೀ. ಅದು ಹೆಚ್ಚುಕಮ್ಮಿ ದಪ್ಪ ಕೂದಲಿನಷ್ಟೇ.

ಈ ಉಲ್ಟಾ ಲೆಕ್ಕದ ಹಿಂದೆ ಒಂದು ಕಥೆ ಇದೆ. ನೈಲಾನ್ ಬರೋ ಮುಂಚೆ ಈ ದಾರ ಮಾಡ್ತಿದ್ದದ್ದು ರೇಷ್ಮೆಹುಳದಿಂದ. ರಾಮನಗರದಲ್ಲಿ ಗೂಡು ಬಿಚ್ಚಿ ತೆಗೆಯೋ ನೂಲಲ್ಲ. ಗೂಡು ಕಟ್ಟೋಕೆ ಮುಂಚೆಯೇ ಹುಳವನ್ನ ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನ ಹೊರಗೆ ತೆಗೆದು, ಎರಡೂ ತುದಿ ಹಿಡಿದು ಎಳೆದು ಒಣಗಿಸ್ತಿದ್ದರು. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. ಇನ್ನೂ ತೆಳು ಬೇಕಾದರೆ ಲೋಹದ ಫಲಕದ ಸಣ್ಣ ತೂತಿನಲ್ಲಿ ತೂರಿಸಿ ಎಳೀತಿದ್ದರು, ಅಕ್ಕಸಾಲಿಗರು ಚಿನ್ನದ ತಂತಿ ಎಳೆಯೋ ಹಾಗೆ. ಒಂದು ಸಲ ಎಳೆದರೆ 1 ಎಕ್ಸ್, ಎರಡು ಸಲ ಎಳೆದರೆ 2 ಎಕ್ಸ್. ಹೆಚ್ಚು ಸಲ ಎಳೆದಷ್ಟೂ ತೆಳು. 1938ರಲ್ಲಿ ನೈಲಾನ್ ಬಂದ ಮೇಲೆ ರೇಷ್ಮೆಹುಳ ಬದುಕಿತು, ಎಕ್ಸ್ ಮಾತ್ರ ಉಳಿಯಿತು.

ಒಂದು ಎಚ್ಚರಿಕೆ. ಎಕ್ಸ್ ಹೇಳೋದು ದಪ್ಪವನ್ನ, ಬಲವನ್ನಲ್ಲ. ಒಂದೇ 5 ಎಕ್ಸ್ ಒಂದು ಕಂಪನಿಯದ್ದು ಎರಡು ಕಿಲೋಗೆ ಹರಿದರೆ ಇನ್ನೊಂದರದ್ದು ಇನ್ನೂ ಸ್ವಲ್ಪ ತಡೆಯಬಹುದು. ಸ್ಪೂಲ್ ಮೇಲೆ ಎರಡೂ ಸಂಖ್ಯೆ ನೋಡಿ ತಗೊಳ್ಳಿ.

ಮೊದಲ ತಪ್ಪು: ತೀರ್ಥನ್ ಹೊಳೆ

ಅದಕ್ಕೂ ಮುಂಚಿನ ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ಬರ ಜೊತೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿದ್ದೆ. ಕುಲು ಜಿಲ್ಲೆಯಲ್ಲಿದೆ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಟ್ರೌಟ್ ಮೊಟ್ಟೆ ಇಡೋ ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಹಿಡಿಯೋ ಹಾಗಿಲ್ಲ, ಹಾಗಾಗಿ ನಾವು ಹೋಗಿದ್ದು ಸೀಸನ್‌ನ ಕೊನೆಗೆ.

ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲು ಎಣಿಸಬಹುದಿತ್ತು. ಮೊದಲ ದಿನ ಒಂದೂ ಮೀನು ಮುಟ್ಟಲಿಲ್ಲ. ದಾರ ಕಾಣಿಸ್ತಿದೆ ಅಂತ ತೀರ್ಮಾನ ಮಾಡಿ, ಎರಡನೇ ದಿನ ಗೈಡ್‌ಗೂ ಹೇಳದೆ ನನ್ನ ಬ್ಯಾಗಲ್ಲಿದ್ದ 7 ಎಕ್ಸ್ ಕಟ್ಟಿದೆ. ಹತ್ತು ನಿಮಿಷದಲ್ಲಿ ಮೀನು ಬಿತ್ತು! ಒಂದಡಿಗೂ ಸ್ವಲ್ಪ ಮೇಲಿದ್ದ ಬ್ರೌನ್ ಟ್ರೌಟ್.

ಬಿದ್ದ ಮೇಲೆ ಏನು ಮಾಡೋದು? ಜೋರಾಗಿ ಎಳೆದರೆ ದಾರ ಹರಿಯುತ್ತೆ. ಹಾಗಾಗಿ ಅದು ಓಡಿದಾಗ ಬಿಡೋದು, ನಿಂತಾಗ ಸುತ್ತೋದು. ಮತ್ತೆ ಓಡಿತು, ಮತ್ತೆ ಬಿಟ್ಟೆ. ಜೊತೆಯವರು ವಿಡಿಯೋ ಮಾಡ್ತಿದ್ದರು. ನನಗೆ ಹೆಮ್ಮೆ, ಇಷ್ಟು ತೆಳು ದಾರದಲ್ಲಿ ಹಿಡಿದಿಟ್ಟಿದ್ದೀನಲ್ಲ ಅಂತ. ಆಮೇಲೆ ಆ ವಿಡಿಯೋ ನೋಡಿದರೆ ಹದಿನಾಲ್ಕು ನಿಮಿಷ ಇತ್ತು.

ದಡಕ್ಕೆ ತಂದು, ಕೈ ಒದ್ದೆ ಮಾಡ್ಕೊಂಡು, ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಅದು ಹೊಟ್ಟೆ ಮೇಲೆ ಮಾಡಿ ಮಗ್ಗುಲಾಯಿತು. ಗೈಡ್ ಓಡಿ ಬಂದು, ಅದನ್ನ ಎರಡೂ ಕೈಯಲ್ಲಿ ಹಿಡಿದು, ಹರಿಯೋ ನೀರಿಗೆ ಮುಖ ಮಾಡಿಸಿ ತುಂಬಾ ಹೊತ್ತು ಕೂತ. ಕಿವಿರು ಒಂದೆರಡು ಸಲ ಆಡಿತು, ಆಮೇಲೆ ನಿಂತಿತು. ಅವನು ನನ್ನ ದಾರವನ್ನ ಬೆರಳಲ್ಲಿ ಹಿಡಿದು ನೋಡಿದ. ಏನೂ ಬೈಯಲಿಲ್ಲ. ತನ್ನ ಜೇಬಿಂದ 4 ಎಕ್ಸ್ ಸ್ಪೂಲ್ ತೆಗೆದು ನನ್ನ ಕೈಗಿಟ್ಟ.

ಬಲ ಪೂರ್ತಿ ಖಾಲಿಯಾಗೋವರೆಗೆ ಮೀನನ್ನ ಓಡಿಸಿದರೆ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತೆ. ನೀರಿಗೆ ಬಿಟ್ಟರೂ ಅದು ಚೇತರಿಸಿಕೊಳ್ಳದೆ ಇರಬಹುದು. ಈಜಿಕೊಂಡು ಹೋದ ಮೀನು ಕೂಡ ಆಮೇಲೆ ಸಾಯಬಹುದು. ಬೆಚ್ಚಗಿನ ನೀರಲ್ಲಿ ಇದು ಇನ್ನೂ ಕೆಟ್ಟದು, ಅಂದರೆ ನಮ್ಮ ಕೆರೆಗಳಲ್ಲಿ. ಹಿಡಿದು ಬಿಡ್ತೀನಿ ಅನ್ನೋರು ಮೊದಲು ನೋಡಬೇಕಾದ್ದು ದಾರ ಕಾಣುತ್ತೋ ಇಲ್ಲವೋ ಅಂತಲ್ಲ, ಮೀನನ್ನ ಬೇಗ ದಡಕ್ಕೆ ತರೋಕೆ ಆಗುತ್ತೋ ಇಲ್ಲವೋ ಅಂತ.

ಆ ದಿನ ಮಧ್ಯಾಹ್ನ 4 ಎಕ್ಸ್‌ನಲ್ಲೇ ಇನ್ನೆರಡು ಮೀನು ಬಿದ್ದವು. ಮೊದಲ ದಿನ ಮೀನು ಮುಟ್ಟದೇ ಇದ್ದದ್ದು ದಾರ ದಪ್ಪ ಅಂತಲ್ಲ. ಪ್ರವಾಹ ನನ್ನ ದಾರವನ್ನ ಎಳೀತಿತ್ತು, ಫ್ಲೈ ಸಹಜವಾಗಿ ತೇಲ್ತಿರಲಿಲ್ಲ. ಟಿಪೆಟ್ಟನ್ನ ತೆಳು ಮಾಡೋ ಬದಲು ಒಂದಡಿ ಉದ್ದ ಮಾಡಿದ್ದರೆ ಸಾಕಿತ್ತು.

ಫ್ಯೂಸ್ ತಂತಿ

ಈಗ ಮತ್ತೆ ಮಿಂಚುಳ್ಳಿಗೆ ಬರೋಣ. ಚಿಕ್ಕಪ್ಪ ಏಣಿ ತಂದು, ಟವೆಲ್ ಹಾಕಿ ಹಕ್ಕಿಯನ್ನ ಹಿಡಿದುಕೊಂಡರು. ನಾನು ಬ್ಲೇಡಲ್ಲಿ ಒಂದೊಂದೇ ಸುತ್ತು ಕತ್ತರಿಸಿದೆ. ದಾರ ಒಂದು ಬೆರಳಿನ ಚರ್ಮದೊಳಕ್ಕೇ ಇಳಿದಿತ್ತು. ಬಿಟ್ಟಾಗ ಪಂಪ್‌ಹೌಸಿನ ವೈರ್ ಮೇಲೆ ಹೋಗಿ ಕೂತಿತು, ಒಂದು ಕಾಲು ಮೇಲೆತ್ತಿಕೊಂಡು.

"ಎಲ್ಲಿ ಹರೀತು ಇದು?" ಅಂತ ಕೇಳಿದರು ಚಿಕ್ಕಪ್ಪ. ನನಗೆ ಮೊದಲು ಅರ್ಥ ಆಗಲಿಲ್ಲ. ಅವರು ದಾರದ ಎರಡೂ ತುದಿ ನೋಡಿದರು. ಕೊಕ್ಕೆ ಕಡೆ ಗಂಟು ಭದ್ರವಾಗಿತ್ತು. ಹರಿದಿದ್ದು ಮೇಲೆ, ಲೀಡರಿಗೂ ಟಿಪೆಟ್‌ಗೂ ನಾನು ಹಾಕಿದ್ದ ಗಂಟಿನ ಹತ್ತಿರ.

ಆಗ ಅವರು ಪಂಪ್‌ಹೌಸಿನ ಬಾಗಿಲು ತೋರಿಸಿದರು. ಅಲ್ಲಿ ನಡೆದ ಕಥೆ ನಮ್ಮನೇಲಿ ಎಲ್ಲರಿಗೂ ಗೊತ್ತು. ಕೆಲವು ವರ್ಷದ ಹಿಂದೆ ಫ್ಯೂಸ್ ಪದೇಪದೇ ಹೋಗುತ್ತೆ ಅಂತ ಬೇಜಾರಾಗಿ ಯಾರೋ ದಪ್ಪ ತಂತಿ ಸುತ್ತಿಟ್ಟರು. ಆಮೇಲೆ ಫ್ಯೂಸ್ ಹೋಗಲಿಲ್ಲ. ಮೋಟಾರೇ ಸುಟ್ಟುಹೋಯ್ತು. ಅದೂ ಹೂವಿಗೆ ನೀರು ಕೊಡೋ ವಾರದಲ್ಲಿ.

"ಹರೀಬೇಕಾದ ಜಾಗದಲ್ಲಿ ಹರೀಬೇಕು ಮಗ. ಇಲ್ಲಾಂದ್ರೆ ಬೇರೆಲ್ಲೋ ಹರಿಯುತ್ತೆ."

ಟಿಪೆಟ್ ಅಂದರೆ ಫ್ಯೂಸ್. ರಾಡಿನಿಂದ ಕೊಕ್ಕೆವರೆಗೆ ಇರೋ ಸರಪಳಿಯಲ್ಲಿ ಎಲ್ಲಾದರೂ ಒಂದು ಕಡೆ ಹರಿಯಲೇಬೇಕು. ಅದು ಕೊಕ್ಕೆಯ ಗಂಟಿನಲ್ಲೇ ಆದರೆ ಮೀನಿನ ಬಾಯಲ್ಲೋ ಮರದಲ್ಲೋ ಉಳಿಯೋದು ಬರೀ ಕೊಕ್ಕೆ. ಮೇಲಿನ ಗಂಟಲ್ಲಿ ಹರಿದರೆ ಕೊಕ್ಕೆಯ ಹಿಂದೆ ಮೂರಡಿ ದಾರವೂ ಹೋಗುತ್ತೆ. ಆ ದಾರ ಕಲ್ಲಿಗೆ ಸಿಕ್ಕಿದರೆ ಮೀನು ಅಲ್ಲೇ ಕಟ್ಟಿಹಾಕಿದ ಹಾಗೆ. ಮರದಲ್ಲಿ ಉಳಿದರೆ ಏನಾಗುತ್ತೆ ಅಂತ ಹೇಳಿದೆನಲ್ಲ.

ಹಾಗಾಗಿ ಲೀಡರ್, ಟಿಪೆಟ್ ಆರಿಸೋವಾಗ ನಾನು ಈಗ ಕೇಳಿಕೊಳ್ಳೋ ಪ್ರಶ್ನೆ ಎರಡು. ಮೀನನ್ನ ಬೇಗ ತರೋಷ್ಟು ಗಟ್ಟಿ ಇದೆಯಾ? ಹರಿದರೆ ಎಲ್ಲಿ ಹರಿಯುತ್ತೆ?

ಆರಿಸೋದು ಹೇಗೆ

ಮೊದಲು ಟಿಪೆಟ್ ದಪ್ಪ. ಕೊಕ್ಕೆಯ ನಂಬರನ್ನ 3ರಿಂದ ಭಾಗಿಸಿ. 12ನೇ ನಂಬರ್ ಕೊಕ್ಕೆಗೆ 4 ಎಕ್ಸ್, 15ರ ಆಸುಪಾಸಿಗೆ 5 ಎಕ್ಸ್, 18ಕ್ಕೆ 6 ಎಕ್ಸ್. ಕೊಕ್ಕೆ ನಂಬರ್ ಕೂಡ ಉಲ್ಟಾನೇ, ದೊಡ್ಡ ನಂಬರ್ ಅಂದರೆ ಸಣ್ಣ ಕೊಕ್ಕೆ. ದಪ್ಪ ದಾರಕ್ಕೆ ಪುಟ್ಟ ಫ್ಲೈ ಕಟ್ಟಿದರೆ ಅದು ಕಡ್ಡಿಗೆ ಚುಚ್ಚಿದ ಹಾಗೆ ನಿಲ್ಲುತ್ತೆ. ತೆಳು ದಾರಕ್ಕೆ ದೊಡ್ಡ ಫ್ಲೈ ಕಟ್ಟಿದರೆ ಬೀಸಿದಾಗ ದಾರ ಹುರಿಗೊಂಡು ಹಾಳಾಗುತ್ತೆ. ಎರಡು ಆಯ್ಕೆ ಇದ್ದಾಗ ದಪ್ಪದ್ದನ್ನೇ ತಗೊಳ್ಳಿ. ತೀರ್ಥನ್‌ನಲ್ಲಿ ನನ್ನದು 14ನೇ ಕೊಕ್ಕೆ. 4 ಎಕ್ಸೋ 5 ಎಕ್ಸೋ ಕಟ್ಟಬೇಕಿದ್ದ ಜಾಗಕ್ಕೆ 7 ಎಕ್ಸ್ ಕಟ್ಟಿದ್ದೆ.

ಆಮೇಲೆ ಲೀಡರ್ ಉದ್ದ. ಮರ ಬಾಗಿರೋ ಸಣ್ಣ ಹಳ್ಳಕ್ಕೆ 7.5 ಅಡಿ ಸಾಕು. ಬಯಲು ಕೆರೆಗೆ, ಸಾಧಾರಣ ಹೊಳೆಗೆ 9 ಅಡಿ. ನಿಂತ ತಿಳಿನೀರು, ಬೆದರೋ ಮೀನು ಆದರೆ 12 ಅಡಿ. ಗಾಳಿ ಜೋರಿದ್ದರೆ ಕಡಿಮೆ ಮಾಡಿ. ಲೀಡರಿನ ದಪ್ಪ ತುದಿ ಫ್ಲೈ ಲೈನಿನ ತುದಿಯ ಮೂರರಲ್ಲಿ ಎರಡು ಭಾಗದಷ್ಟಿರಲಿ, ಸುಮಾರು 0.50 ಮಿಮೀ. ತೀರಾ ತೆಳುವಾದರೆ ಲೈನಿನ ಬಲ ಅಲ್ಲೇ ಕುಸಿದು ದಾರ ಗುಪ್ಪೆಯಾಗಿ ಬೀಳುತ್ತೆ.

ಈಗ ನೈಲಾನ್ ಬೇಕಾ, ಫ್ಲೂರೋಕಾರ್ಬನ್ ಬೇಕಾ ಅನ್ನೋದು. ಫ್ಲೂರೋಕಾರ್ಬನ್‌ನ ವಕ್ರೀಭವನ ಸೂಚ್ಯಂಕ 1.42, ನೀರಿನದ್ದು 1.33, ನೈಲಾನ್‌ದು ಸುಮಾರು 1.53. ನೀರಿಗೆ ಹತ್ತಿರ ಇರೋದರಿಂದ ಫ್ಲೂರೋಕಾರ್ಬನ್ ಕಡಿಮೆ ಕಾಣುತ್ತೆ. ತೂಕ ಜಾಸ್ತಿ, ಬೇಗ ಮುಳುಗುತ್ತೆ. ಕಲ್ಲಿಗೆ ಉಜ್ಜಿದರೂ ತಡೆಯುತ್ತೆ. ಹಾಗಾಗಿ ನೀರೊಳಗೆ ಇಳಿಯೋ ಫ್ಲೈಗೆ ಅದು ಒಳ್ಳೇದು. ನೀರ ಮೇಲೆ ತೇಲೋ ಫ್ಲೈಗೆ ನೈಲಾನ್ ಸರಿ. ಮೆದು, ಸ್ವಲ್ಪ ಹಿಗ್ಗುತ್ತೆ, ಗಂಟು ಚೆನ್ನಾಗಿ ಕೂರುತ್ತೆ, ಬೆಲೆಯೂ ಕಡಿಮೆ.

ಅಂಗಡಿಯವರು ಹೇಳದೇ ಇರೋ ಇನ್ನೊಂದು ವ್ಯತ್ಯಾಸ ಇದೆ. ನೈಲಾನ್ ಬಿಸಿಲಿಗೆ, ನೀರಿಗೆ ನಿಧಾನವಾಗಿ ದುರ್ಬಲವಾಗುತ್ತೆ. ಅದಕ್ಕೇ ಹಳೇ ಸ್ಪೂಲ್ ನಂಬಬಾರದು. ಫ್ಲೂರೋಕಾರ್ಬನ್ ಹಾಗಲ್ಲ, ಬಿಸಿಲಿಗೂ ಬಗ್ಗಲ್ಲ, ನೀರನ್ನೂ ಹೀರಲ್ಲ. ಬಳಸೋವಾಗ ಇದು ಗುಣ. ಮರದಲ್ಲಿ ಬಿಟ್ಟು ಬಂದಾಗ ಇದೇ ಗುಣ ಶಾಪ. ಅತ್ತಿ ಮರದಲ್ಲಿದ್ದದ್ದು ಫ್ಲೂರೋಕಾರ್ಬನ್. ಎರಡು ತಿಂಗಳ ಬಿಸಿಲಿಗೆ ಅದಕ್ಕೆ ಏನೂ ಆಗಿರಲಿಲ್ಲ. ಈಗ ನಮ್ಮ ಕೆರೆಗೆ ನಾನು ಬರೀ ನೈಲಾನ್ ತಗೊಂಡು ಹೋಗ್ತೀನಿ.

ದುಡ್ಡು ಉಳಿಸಬೇಕಾದರೆ ಲೀಡರ್ ನೀವೇ ಕಟ್ಟಬಹುದು. ಒಳ್ಳೇ ತಂಗೂಸಿ ದಾರದ ನಾಲ್ಕೈದು ದಪ್ಪದ ಸ್ಪೂಲ್ ಸಾಕು. 0.50 ಮಿಮೀ ನಾಲ್ಕಡಿ, 0.40 ಒಂದೂವರೆ ಅಡಿ, 0.30 ಒಂದಡಿ, 0.22 ಒಂದಡಿ, ಕೊನೆಗೆ 0.18 ಒಂದೂವರೆ ಅಡಿ. ಒಟ್ಟು 9 ಅಡಿ, ತುದಿ 4 ಎಕ್ಸ್. ಗಂಟುಗಳು ಪಾಚಿಗೆ ಸಿಕ್ಕಿಕೊಳ್ಳುತ್ತವೆ ಅನ್ನೋದು ಬಿಟ್ಟರೆ ಕಲಿಯೋರಿಗೆ ಧಾರಾಳ.

ಗಂಟು, ಎಂಜಲು, ಟೆಸ್ಟ್ ಕೇಸ್

ಲೀಡರಿಗೆ ಟಿಪೆಟ್ ಜೋಡಿಸೋಕೆ ಸರ್ಜನ್ಸ್ ನಾಟ್ ಸುಲಭ. ಎರಡೂ ದಾರವನ್ನ ಒಂದರ ಪಕ್ಕ ಒಂದು ನಾಲ್ಕೈದು ಇಂಚು ಇಟ್ಟುಕೊಂಡು, ಒಟ್ಟಿಗೇ ಒಂದು ಕುಣಿಕೆ ಮಾಡಿ, ತುದಿಗಳನ್ನ ಅದರೊಳಗೆ ಮೂರು ಸಲ ತೂರಿಸಿ ಬಿಗಿಯೋದು. ಕೊಕ್ಕೆಗೆ ಕ್ಲಿಂಚ್ ನಾಟ್. ಕಣ್ಣಿನಲ್ಲಿ ದಾರ ತೂರಿಸಿ, ಐದು ಸುತ್ತು ಸುತ್ತಿ, ತುದಿಯನ್ನ ಮೊದಲ ಕುಣಿಕೆಗೆ ಹಾಕಿ ಎಳೆಯೋದು.

ಬಿಗಿಯೋ ಮುಂಚೆ ಗಂಟನ್ನ ಒದ್ದೆ ಮಾಡಲೇಬೇಕು. ಸೂಜಿಗೆ ದಾರ ಪೋಣಿಸೋವಾಗ ಅಜ್ಜಿ ಎಂಜಲು ಮಾಡ್ತಿದ್ದರಲ್ಲ, ಹಾಗೆ. ಒಣಗಿದ ದಾರವನ್ನ ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟಿನೊಳಗೇ ಪೆಟ್ಟು ತಿನ್ನುತ್ತೆ. ಕಣ್ಣಿಗೆ ಕಾಣಲ್ಲ. ಸಂಕ್ರಾಂತಿ ದಿನ ನಾನು ಮೇಲಿನ ಗಂಟನ್ನ ಒಣಗಿದ್ದಾಗಲೇ ಬಿಗಿದಿದ್ದೆ. ಜೊತೆಗೆ ಮೆದು ನೈಲಾನ್ ಲೀಡರಿಗೆ ಗಡಸು ಫ್ಲೂರೋಕಾರ್ಬನ್ ಟಿಪೆಟ್. ಎರಡೂ ಸೇರಿ ಅಲ್ಲೇ ಹರೀತು.

ಇದನ್ನ ನೀರಿಗೆ ಹೋಗೋ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ನಾವೆಲ್ಲ ಟೆಸ್ಟ್ ಮಾಡದೆ ಕೋಡ್ ಬಿಡೋದಿಲ್ಲ ತಾನೇ? (ಬಿಡ್ತೀವಿ, ಅದು ಬೇರೆ ಮಾತು.) ಗೇಟಿನ ಮರದ ಕಂಬಕ್ಕೆ ಕೊಕ್ಕೆ ಚುಚ್ಚಿ. ಕನ್ನಡಕ ಹಾಕ್ಕೊಳ್ಳಿ, ಕೊಕ್ಕೆ ಚಿಮ್ಮಿ ಬರಬಹುದು. ಲೀಡರನ್ನ ಕೈಗೆ ಬಟ್ಟೆ ಸುತ್ತಿ ಹಿಡಿದು ನಿಧಾನವಾಗಿ ಎಳೆಯಿರಿ. ಎಲ್ಲಿ ಹರಿಯಿತು ನೋಡಿ. ಕೊಕ್ಕೆ ಗಂಟಲ್ಲಿ ಹರಿದರೆ ಪಾಸ್. ಮೇಲಿನ ಗಂಟಲ್ಲಿ ಹರಿದರೆ ಫೇಲ್, ಮತ್ತೆ ಕಟ್ಟಿ. ಮೂರು ಸಲ ಸತತವಾಗಿ ಪಾಸ್ ಆಗೋವರೆಗೆ ನಾನು ಹೊರಗೆ ಹೋಗಲ್ಲ. ಟಿಪೆಟ್ ಯಾವಾಗಲೂ ಲೀಡರ್ ತುದಿಯಷ್ಟೇ ಅಥವಾ ಒಂದು ಎಕ್ಸ್ ತೆಳು ಇರಲಿ. ಲೀಡರಿಗಿಂತ ಗಟ್ಟಿ ಟಿಪೆಟ್ ಹಾಕಿದರೆ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೇ.

ಮರಕ್ಕೆ ಸಿಕ್ಕಿದರೆ ರಾಡ್ ಹಿಡಿದು ಜಗ್ಗಬೇಡಿ. ಮೊದಲು ಏಣಿ, ದೋಟಿ ಏನಾದರೂ ಇದೆಯಾ ನೋಡಿ. ಬೇರೆ ದಾರಿಯೇ ಇಲ್ಲದಿದ್ದರೆ ರಾಡನ್ನ ಕೊಕ್ಕೆಯ ನೇರಕ್ಕೆ ಚಾಚಿ, ಲೈನ್ ಹಿಡಿದು ಸಮನಾಗಿ ಎಳೆಯಿರಿ. ಗಂಟು ಸರಿಯಿದ್ದರೆ ಕೊಕ್ಕೆ ಹತ್ತಿರವೇ ಹರಿದು ದಾರವೆಲ್ಲ ವಾಪಸ್ ಬರುತ್ತೆ. ಕೊಕ್ಕೆಯ ಒಳಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟುಕೊಂಡಿರಿ. ಮೀನಿನ ಬಾಯಲ್ಲಿ ಉಳಿದರೂ ಬೇಗ ಕಳಚಿಕೊಳ್ಳುತ್ತೆ.

ನಮ್ಮ ನೀರಿಗೆ ಏನು?

ಹಳ್ಳದ ಬ್ಯಾರಿಲ್ ಮೀನಿಗೆ: 7.5 ಅಡಿ ಲೀಡರ್, 5 ಎಕ್ಸ್, 14 ಅಥವಾ 16ನೇ ಕೊಕ್ಕೆ.

ಕೆರೆಯ ಜಿಲೇಬಿಗೆ: 9 ಅಡಿ, 4 ಎಕ್ಸ್. ಗೆಂಡೆ ಬೀಳೋ ಕೆರೆಯಾದರೆ 2 ಎಕ್ಸ್ ಇರಲಿ.

ಕೊರವನಿಗೆ: ಎಕ್ಸ್ ಮರೆತುಬಿಡಿ. ಅದಕ್ಕೆ ಹಲ್ಲಿದೆ, ಗಿಡಗಂಟಿಯೊಳಗೆ ನುಗ್ಗುತ್ತೆ. 0.40 ಮಿಮೀ ದಾರ ಬೇಕು.

ನೀಲಗಿರಿ, ಹಿಮಾಚಲದ ಟ್ರೌಟ್‌ಗೆ: 9 ಅಡಿ, 4 ಎಕ್ಸ್ ಅಥವಾ 5 ಎಕ್ಸ್. ಒಂದು ಸ್ಪೂಲ್ 3 ಎಕ್ಸ್ ಜೇಬಲ್ಲಿರಲಿ.

ಮಹಶೀರ್‌ಗೆ: ದಾರವೇ ಬೇಡ. ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ 2018ರಿಂದ ತೀವ್ರ ಅಪಾಯದಲ್ಲಿರೋ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಹೇಮಾವತಿ ಸೇರೋದೂ ಕಾವೇರಿಯನ್ನೇ. ಮಹಶೀರ್ ನೋಡಬೇಕಾದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ. ದೇವಸ್ಥಾನದ ಹತ್ತಿರದ ಮತ್ಸ್ಯಧಾಮದಲ್ಲಿ ಕಡಲೆಪುರಿ ಹಾಕಿದರೆ ಗುಂಪಾಗಿ ಬರುತ್ತವೆ. ಮಕ್ಕಳನ್ನೂ ಕರ್ಕೊಂಡು ಹೋಗಿ.

ಬಿಸಿಲೆ ಕಡೆಯ ಮೀಸಲು ಅರಣ್ಯದ ಹೊಳೆಗಳಿಗೆ ಗಾಳ ತಗೊಂಡು ಇಳಿಯಬೇಡಿ. ಬೇರೆ ಕಡೆ ಕೆರೆಯ ಹಕ್ಕು ಯಾರದ್ದು ಅಂತ ಕೇಳಿ, ಅವರ ಒಪ್ಪಿಗೆ ತಗೊಂಡೇ ಹೋಗಿ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡೋಕೆ ಹಳ್ಳ ಹತ್ತುತ್ತವೆ, ಆಗ ಬಿಟ್ಟುಬಿಡಿ. ಟ್ರೌಟ್ ಮರಿ ತಂದು ನಮ್ಮ ಹಳ್ಳಕ್ಕೆ ಬಿಟ್ಟರೆ ಹೇಗೆ ಅನ್ನೋ ಆಸೆಯೂ ಬೇಡ. ಜಿಲೇಬಿ ತಂದು ಬಿಟ್ಟಿದ್ದೇ ಸಾಕಾಗಿದೆ. ಕೊನೆಯದಾಗಿ ಆನೆ. ಆಲೂರು, ಸಕಲೇಶಪುರದಲ್ಲಿ ಮುಂಜಾವು ಮತ್ತು ಮುಸ್ಸಂಜೆ, ಮೀನಿಗೆ ಒಳ್ಳೇ ಹೊತ್ತು, ಆನೆಗೂ ಅದೇ ಹೊತ್ತು. ಹೊರಡೋ ಮುಂಚೆ ಊರಿನ ವಾಟ್ಸಾಪ್ ಗ್ರೂಪ್ ನೋಡಿ. ಆನೆ ಆ ಕಡೆ ಇದೆ ಅಂದರೆ ವಾಪಸ್ ಹೋಗಿ ಅಕ್ಕಿರೊಟ್ಟಿ ತಿಂದು ಮಲಗಿ.

ಈಗ ನನ್ನ ಜೇಬಲ್ಲಿ ಯಾವಾಗಲೂ ಒಂದು ಖಾಲಿ ಮಾತ್ರೆ ಡಬ್ಬಿ ಇರುತ್ತೆ. ಕತ್ತರಿಸಿದ ಪ್ರತಿ ಚೂರು ದಾರ, ಒಂದಿಂಚಿನದ್ದಾದರೂ, ಅದರೊಳಗೆ. ಕೆರೆ ದಂಡೆಯಲ್ಲಿ ಬೇರೆಯವರು ಬಿಟ್ಟ ತಂಗೂಸಿ ಸಿಕ್ಕಿದರೂ ಅದರೊಳಗೆ. ಯುಗಾದಿಗೆ ಹೋದಾಗ ಡಬ್ಬಿ ತುಂಬಿ ಚಿಕ್ಕಮ್ಮನ ಹತ್ತಿರ ಇನ್ನೊಂದು ಕೇಳಿದೆ.

ಆ ಸಲ ಬೆಳಗ್ಗೆ ಪಂಪ್‌ಹೌಸಿನ ವೈರ್ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಅದೇನಾ ಅಂತ ನೋಡೋಕೆ ಹತ್ತಿರ ಹೋದೆ. ಕಾಲು ಕಾಣೋಷ್ಟರಲ್ಲಿ ನೀರಿಗೆ ಧುಮುಕಿ, ಒಂದು ಸಣ್ಣ ಜಿಲೇಬಿ ಕಚ್ಚಿಕೊಂಡು ಆ ದಡಕ್ಕೆ ಹಾರಿಹೋಯ್ತು. ನನಗೆ ಆ ಬೆಳಗ್ಗೆ ಒಂದೂ ಬಿದ್ದಿರಲಿಲ್ಲ.